ತುಮಕೂರು ಮನೆಯೋರು ಗ್ರೂಪ್: ನೇತ್ರಾಣಿ ಫಾರ್ವರ್ಡ್

ಶಾಂತತ್ತೆ (ಫಾರ್ವರ್ಡ್): ಎಚ್ಚರ!! ಸ್ಕೂಬಾ ಸಿಲಿಂಡರ್‌ನಲ್ಲಿ ಇರೋದು ಶುದ್ಧ ಆಕ್ಸಿಜನ್. ಹತ್ತು ನಿಮಿಷ ಮೀರಿದರೆ ಶ್ವಾಸಕೋಶ ಸುಟ್ಟುಹೋಗುತ್ತೆ. ಅಪಾಯ ಅನ್ನಿಸಿದ ಕೂಡಲೇ ಉಸಿರು ಬಿಗಿಹಿಡಿದು ಮೇಲೆ ಬನ್ನಿ. ಎಲ್ಲರಿಗೂ ಕಳಿಸಿ.

ಶಾಂತತ್ತೆ: ಮಂಜು, ಶನಿವಾರ ಮುರುಡೇಶ್ವರದ ಹತ್ರ ಇರೋ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟಿದೀಯಂತೆ, ಬೆನ್ನಿಗೆ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಇಳಿಯೋಕೆ. ಓದಪ್ಪ ಇದನ್ನ.

ಸುಮಾ: ಯಾರು ಬರೆದಿದ್ದು ಅತ್ತೆ? ಡಾಕ್ಟರ್ ಹೆಸರಿಲ್ಲ, ತಾರೀಕಿಲ್ಲ. ಎಲ್ಲಿಂದ ಬಂತು?

ಶಾಂತತ್ತೆ: ಭಜನಾ ಮಂಡಳಿ ಗ್ರೂಪಲ್ಲಿ ಬಂತು. ಎಲ್ಲಾ ತಿಳಿದೋರೇ ಇದಾರೆ ಅಲ್ಲಿ.

ರಂಗಣ್ಣ ದೊಡ್ಡಪ್ಪ: ಹಿರಿಯರು ಒಳ್ಳೇದಕ್ಕೇ ಹೇಳೋದು ಸುಮಾ. ನೀರಿನ ಜೊತೆ ಸರಸ ಬೇಡ. ಮುರುಡೇಶ್ವರನ ದರ್ಶನ ಮಾಡ್ಕೊಂಡು, ದಡದಲ್ಲಿ ನಿಂತು ಸಮುದ್ರ ನೋಡಿ ಬಾ ಮಂಜು.

ದೀಪು: ಅತ್ತೆ, ಸಿಲಿಂಡರಲ್ಲಿ ಇರೋದು ನಾವು ಉಸಿರಾಡೋ ಗಾಳೀನೇ, ಒತ್ತಿ ತುಂಬಿರ್ತಾರೆ. ನೂರಕ್ಕೆ 21 ಭಾಗ ಆಕ್ಸಿಜನ್, ಉಳಿದಿದ್ದೆಲ್ಲ ಹೆಚ್ಚುಕಮ್ಮಿ ನೈಟ್ರೋಜನ್. ಅದು ಹೋಗ್ಲಿ, ಉಸಿರು ಬಿಗಿಹಿಡಿದು ಮೇಲೆ ಬನ್ನಿ ಅನ್ನೋ ಸಾಲು ನೋಡಿ. ಜೀವ ತೆಗೆಯೋದೇ ಆ ಸಾಲು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು ಇರುತ್ತೆ. ಅಲ್ಲಿ ಎಳ್ಕೊಂಡ ಉಸಿರನ್ನ ಹಿಡ್ಕೊಂಡು ಮೇಲೆ ಬಂದ್ರೆ ಎದೆಯೊಳಗಿನ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶ ಹರಿಯುತ್ತೆ. ಒಂದೆರಡು ಮೀಟರ್ ನೀರಲ್ಲೂ ಆಗಬಹುದು. ಏನೇ ಆದ್ರೂ ಉಸಿರಾಡ್ತಾನೇ ಇರ್ಬೇಕು, ನಿಧಾನವಾಗೇ ಮೇಲೆ ಬರ್ಬೇಕು.

ಸುಮಾ: ನೋಡಿದ್ರಾ ಅತ್ತೆ? ಅರಿಶಿನದ ಫಾರ್ವರ್ಡ್ ಬಂದಾಗ್ಲೂ ಇದೇ ಹೇಳ್ದೆ.

ಶಾಂತತ್ತೆ: ಆಗ್ಲಿಂದ್ಲೂ ನಾನೇ ಸಿಗೋದು ನಿಂಗೆ. ನಮ್ಮ ಗೃಹಪ್ರವೇಶಕ್ಕೂ ಬರ್ಲಿಲ್ಲ ನೀನು.

ಸುಮಾ: ಅವತ್ತು ಪರೀಕ್ಷೆ ಇತ್ತು ಅತ್ತೆ. ಎಷ್ಟು ಸಲ ಹೇಳ್ಲಿ?

ಕಿಟ್ಟಿ ತಿಪಟೂರು: ಈಜು ಅಂದ್ರೆ ತೋಟದ ಬಾವಿ ಕಣ್ರೋ. ತಾತ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ತಳ್ಳೋರು. ಅಜ್ಜಿ ಕಲ್ಲುಮೆಟ್ಲ ಮೇಲೆ ಕೊಬ್ರಿ ಬೆಲ್ಲ ಇಟ್ಕೊಂಡು ಕೂತಿರೋಳು.

ರಂಗಣ್ಣ ದೊಡ್ಡಪ್ಪ: ಆ ಬಾವಿ ಮುಚ್ಚಿಸಿದ್ದು ಯಾರು ಅಂತ ಎಲ್ಲರಿಗೂ ಗೊತ್ತು.

ಕಿಟ್ಟಿ ತಿಪಟೂರು: ನೀರೇ ಇರ್ಲಿಲ್ಲ ದೊಡ್ಡಪ್ಪ.

ಮಂಜು: ದೀಪಣ್ಣ, ನಂಗೆ ನೆಗಡಿ. ಮಾತ್ರೆ ತಗೊಂಡು ಇಳೀಬಹುದಾ?

ದೀಪು: ಬೇಡ. ಕಿವಿಯೊಳಗಿನ ಒತ್ತಡ ಸರಿಹೋಗೋಕೆ, ಇಳಿಯೋಕೆ ಶುರು ಮಾಡಿದಾಗ್ಲಿಂದ್ಲೇ ಕಣ್ಣು ಮೂಗು ಮುಚ್ಚೋ ಮಾಸ್ಕ್ ಮೇಲಿಂದ ಮೂಗು ಹಿಸುಕಿ ಮೆಲ್ಲಗೆ ಊದ್ಬೇಕು, ಅರ್ಧ ಮೀಟರಿಗೊಂದ್ಸಲ, ಕಿವಿ ನೋಯೋಕೆ ಮುಂಚೆನೇ. ನೋವು ಬಂದ್ರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನ. ಜೋರಾಗಿ ಊದಿದ್ರೆ ಒಳಗಿವಿಗೇ ಪೆಟ್ಟು. ಮೂಗು ಕಟ್ಟಿದ್ರೆ ಇದ್ಯಾವುದೂ ಆಗಲ್ಲ. ಮಾತ್ರೆ ತಗೊಂಡು ಇಳಿದು, ನೀರೊಳಗೇ ಅದರ ಪ್ರಭಾವ ಮುಗಿದ್ರೆ ಮೇಲೆ ಬರುವಾಗ ಕಿವಿಯೊಳಗೆ ಗಾಳಿ ಸಿಕ್ಕಿಹಾಕ್ಕೊಳುತ್ತೆ. ಇನ್ನೊಂದು ವಿಷಯ, ನಿನ್ನ ಮೀಸೆ ಸಂದಿಂದ ಮಾಸ್ಕಿಗೆ ನೀರು ಒಸರುತ್ತೆ, ಗಾಬರಿ ಆಗ್ಬೇಡ. ಮಾಸ್ಕಿನ ಮೇಲಂಚು ಒತ್ತಿ, ತಲೆ ಎತ್ತಿ ಮೂಗಿಂದ ಊದು, ಹೊರಗೆ ಹೋಗುತ್ತೆ.

ರಂಗಣ್ಣ ದೊಡ್ಡಪ್ಪ: 👍

ದೀಪು: ಇದನ್ನೂ ನೆನಪಿಟ್ಕೋ ಮಂಜು. ನೀರೊಳಗೆ ಹೆಬ್ಬೆರಳು ಎತ್ತಿದ್ರೆ ಮೇಲೆ ಹೋಗೋಣ ಅಂತ. ಎಲ್ಲಾ ಸರಿ ಇದ್ರೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ತೋರಿಸ್ಬೇಕು.

ಮಂಜು: ಎರಡು ಡೈವ್ ಬುಕ್ ಆಗಿದೆ. ಮಧ್ಯಾಹ್ನ ಒಂದು ಗಂಟೆಗೆ ಮುಗಿಸಿ, ನಾಲ್ಕಕ್ಕೆ ಕಾರಲ್ಲಿ ವಾಪಸ್.

ದೀಪು: ಅವತ್ತೇ ಹೊರಡ್ಬೇಡ. ಆಳದಲ್ಲಿ ರಕ್ತಕ್ಕೆ ಕರಗಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗ್ಬೇಕು. ಅಷ್ಟರಲ್ಲಿ ಎತ್ತರಕ್ಕೆ ಹತ್ತಿದ್ರೆ ಗುಳ್ಳೆ ಕಟ್ಟಿ ಕೀಲುನೋವು, ಜೋಮು ಶುರುವಾಗುತ್ತೆ. ಸಮುದ್ರ ಮಟ್ಟದಿಂದ 600 ಮೀಟರ್ ದಾಟಿದ್ರೆ ವಿಮಾನ ಹತ್ತಿದ ಲೆಕ್ಕವೇ. ಒಂದು ಡೈವಾದ್ರೆ 12 ಗಂಟೆ, ಎರಡಾದ್ರೆ 18 ಗಂಟೆ ಬಿಡ್ಬೇಕು. ಕಡೂರು, ಅರಸೀಕೆರೆ 700 ಮೀಟರ್ ಮೇಲಿವೆ, ತುಮಕೂರು 800ರ ಮೇಲೆ. ನಾಲ್ಕಕ್ಕೆ ಹೊರಟ್ರೆ ರಾತ್ರಿ ಹತ್ತಕ್ಕೆಲ್ಲ ಕಡೂರಲ್ಲಿರ್ತೀಯ. ಮುರುಡೇಶ್ವರದಲ್ಲೇ ರೂಮ್ ಮಾಡ್ಕೊಂಡು ಭಾನುವಾರ ಬೆಳಗ್ಗೆ ಏಳರ ಮೇಲೆ ಹೊರಡು.

ಸುಮಾ: ಇದಕ್ಕೂ ಮೂಲ ಕೊಡು ದೀಪು.

ದೀಪು: ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅಂತ ಡೈವಿಂಗ್ ಸುರಕ್ಷತೆಯ ಸಂಸ್ಥೆ, ಅದರ ಮಾರ್ಗಸೂಚಿ. ವಿಮಾನಕ್ಕೆ ಅಂತ ಬರೆದಿದ್ದು, ಘಾಟಿ ರಸ್ತೆಗೂ ಅನ್ವಯಿಸುತ್ತೆ.

ಗೀತಾ ಚಿಕ್ಕಮ್ಮ: ದೀಪು, ಮಂಜುಗೆ ಉಬ್ಬಸ ಇತ್ತಲ್ಲ. ಈಗ್ಲೂ ಚಳಿಗಾಲದಲ್ಲಿ ಪಂಪ್ ಎಳ್ಕೊಳ್ತಾನೆ.

ಮಂಜು: ಅಮ್ಮಾ!

ದೀಪು: ಇದನ್ನ ಮೊದಲೇ ಹೇಳ್ಬೇಕಿತ್ತು ಮಂಜು. ಉಬ್ಬಸದಲ್ಲಿ ಸಣ್ಣ ಗಾಳಿಕೊಳವೆ ಮುಚ್ಕೊಂಡ್ರೆ ನೀನು ಉಸಿರು ಬಿಡ್ತಾ ಬಂದ್ರೂ ಒಳಗೆ ಗಾಳಿ ಉಳಿಯುತ್ತೆ. ಡೈವಿಂಗ್‌ಗೆ ಮುಂಚೆ ತುಂಬೋ ಫಾರ್ಮಲ್ಲಿ ಆ ಪ್ರಶ್ನೆ ಇರುತ್ತೆ, ಹೌದು ಅಂತಲೇ ಬರಿ. ಎದೆ ಡಾಕ್ಟರ್ ಪರೀಕ್ಷೆ ಮಾಡಿ ಸಹಿ ಹಾಕೋವರೆಗೂ ಬೋಟ್ ಹತ್ಬೇಡ.

ಶಾಂತತ್ತೆ: ನಾನೂ ಅದನ್ನೇ ತಾನೇ ಹೇಳಿದ್ದು?

ಗೀತಾ ಚಿಕ್ಕಮ್ಮ: ನಾಳೆ ಹತ್ತಕ್ಕೆ ಡಾಕ್ಟರ್ ಹತ್ರ ಹೋಗೋಣ ಮಂಜು. ನೆಗಡಿನೂ ತೋರಿಸೋಣ. ಬುಕಿಂಗ್‌ನೋರಿಗೆ ಫೋನ್ ಮಾಡಿ ತಾರೀಕು ಮುಂದೆ ಹಾಕಿಸು.