ಚಿಕ್ಕಪ್ಪನ ಹೆಸರನ್ನು ಎಲ್ಲಿ ಹೇಳಲಿ?

ಬದಿಯಡ್ಕದವಳು:
ನಮ್ಮೂರಿನ ಲೈಬ್ರರಿಯಲ್ಲಿ ತೀರಿಹೋದವರನ್ನು ನೆನೆಯುವ ಸಂಜೆಗಳು ನಡೆಯುತ್ತವೆ. ಮಾರ್ಚ್ 15ಕ್ಕೆ ರಾಹಿ ಮಾಸೂಮ್ ರಜಾ ಅವರ ನೆನಪು ಇತ್ತು. ಟಿವಿಯ ಮಹಾಭಾರತಕ್ಕೆ ಮಾತು ಬರೆದವರು, 1992ರಲ್ಲಿ ಅದೇ ದಿನ ತೀರಿಕೊಂಡರು. ಬರುವ ಡಿಸೆಂಬರ್ 1ಕ್ಕೆ ಏಡ್ಸ್‌ನಿಂದ ಹೋದವರ ನೆನಪು. ಯಾರು ಬೇಕಾದರೂ ತಮ್ಮವರ ಹೆಸರು ಹೇಳಬಹುದಂತೆ.

ನನಗೆ ಹೇಳಲಿಕ್ಕೆ ಒಂದು ಹೆಸರುಂಟು. ನನ್ನ ಚಿಕ್ಕಪ್ಪ ಮುಂಬಯಿಯ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. 1989ರಲ್ಲಿ ರಜೆಗೆ ಬಂದಾಗ ಭಾನುವಾರ ಬೆಳಿಗ್ಗೆ ಅಜ್ಜಿಯನ್ನು ಪಕ್ಕದ ಮನೆಗೆ ಮಹಾಭಾರತ ನೋಡಲು ಕರೆದೊಯ್ಯುತ್ತಿದ್ದರು. ಅಜ್ಜಿಗೆ ಹಿಂದಿ ಬಾರದು. ಚಿಕ್ಕಪ್ಪ ಅವರ ಕಿವಿಯ ಹತ್ತಿರ ಬಾಗಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಸುಮ್ನೆ ಹೇಳುವುದಲ್ಲ, ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹಾಗೆ. ಶಕುನಿಗೆ ಒಂದು ಸ್ವರ, ಭೀಷ್ಮನಿಗೆ ಇನ್ನೊಂದು. ನಾವು ಮಕ್ಕಳು ಟಿವಿ ಬಿಟ್ಟು ಅವರ ಬಾಯಿಯನ್ನೇ ನೋಡುತ್ತಿದ್ದೆವು.

1996ರಲ್ಲಿ ಕೆಲಸ ಬಿಟ್ಟು ಬಂದರು. ಕೊಂಕಣ ರೈಲು ಇನ್ನೂ ಪೂರ್ತಿ ಆಗಿರಲಿಲ್ಲ. ಬಸ್ಸಿನಿಂದ ಇಳಿದವರ ಗುರುತೇ ಸಿಗಲಿಲ್ಲ, ಅಷ್ಟು ಸೊರಗಿದ್ದರು. ಹಟ್ಟಿಯ ಪಕ್ಕದ ಕೋಣೆ ಕೊಟ್ಟರು. ಬೇರೆ ಬಟ್ಟಲು, ಬೇರೆ ಲೋಟ. 1998ರಲ್ಲಿ ಹೋದರು. ಪೇಪರಿನಲ್ಲಿ 'ಅಲ್ಪಕಾಲದ ಅಸೌಖ್ಯದಿಂದ' ಎಂದು ಹಾಕಿಸಿದರು. ಎರಡು ವರ್ಷ ನರಳಿದ್ದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಹಾಸಿಗೆ ಸುಟ್ಟರು, ಬಟ್ಟಲನ್ನು ತೋಟದ ಆಚೆ ಎಸೆದರು. ಆಮೇಲೆ ಮನೆಯಲ್ಲಿ ಅವರ ಸುದ್ದಿಯೇ ಇಲ್ಲ.

ನಾನು ಹೆಸರು ಹೇಳಬಹುದಾ? ಅಣ್ಣ ಬೇಡವೇ ಬೇಡ ಅನ್ನುತ್ತಾನೆ.

ಕುಂಬಳೆ ಕಡಲು:
ಹೇಳಿ ಅಕ್ಕ. ಅಮೆರಿಕದಲ್ಲಿ ಏಡ್ಸ್‌ನಿಂದ ಹೋದವರಿಗಾಗಿ ಕೌದಿ ಹೊಲಿದರು. ಒಬ್ಬೊಬ್ಬರಿಗೆ ಮೂರಡಿ ಅಗಲ, ಆರಡಿ ಉದ್ದದ ಬಟ್ಟೆ, ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಹೆಸರು ಮುಚ್ಚಿಟ್ಟರೆ ಆ ಮನುಷ್ಯ ಇದ್ದದ್ದೇ ಸುಳ್ಳಾಗುತ್ತದೆ, ಅಲ್ವಾ?

ನಿವೃತ್ತ ಕೌನ್ಸೆಲರ್:
ನಾನು ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಜ್ಯೋತಿಸ್ ಕೇಂದ್ರದಲ್ಲಿ ಕೆಲಸ ಮಾಡಿದವಳು. ಒಂದು ಕೇಳುತ್ತೇನೆ, ಬೇಸರ ಮಾಡಬೇಡಿ. ಚಿಕ್ಕಮ್ಮ ಇದ್ದಾರಾ? ಡಿಸೆಂಬರ್ 1ಕ್ಕೆ ನೀವು ಚಿಕ್ಕಪ್ಪನ ಹೆಸರು ಹೇಳಿದರೆ ಮರುದಿನ ಊರಿನವರು ನೋಡುವುದು ಅವರನ್ನು. ಅವರಿಗೆ ರೋಗ ಇರಲಿ, ಇಲ್ಲದಿರಲಿ. ಅಣ್ಣನನ್ನು ಬಿಡಿ, ಮೊದಲು ಅವರನ್ನು ಕೇಳಿ.

ಬಟ್ಟಲಿನಿಂದ, ಜೊತೆಗೆ ಕೂತು ಉಂಡದ್ದರಿಂದ ಎಚ್‌ಐವಿ ಹರಡುವುದಿಲ್ಲ. ಆಗ ಇದನ್ನು ಮನೆಮನೆಗೆ ಹೋಗಿ ಹೇಳುವವರು ಇರಲಿಲ್ಲ. ಸರಕಾರದಿಂದ ಪುಕ್ಕಟೆ ಔಷಧಿ ಶುರುವಾದದ್ದೇ 2004ರ ಏಪ್ರಿಲಿನಲ್ಲಿ. ಈಗ ದಿನಾ ಮಾತ್ರೆ ತಿಂದುಕೊಂಡು ಅಡಿಕೆ ಸುಲಿಯಲು ಹೋಗುವವರನ್ನು ನಾನೇ ಕಂಡಿದ್ದೇನೆ. ನಿಮ್ಮ ಚಿಕ್ಕಪ್ಪನಿಗೆ ಆ ಆರು ವರ್ಷ ಸಿಗಲಿಲ್ಲ.

ಕುಂಬಳೆ ಕಡಲು:
ಚಿಕ್ಕಮ್ಮನ ವಿಚಾರ ನನಗೆ ಹೊಳೆಯಲೇ ಇಲ್ಲ. ಇವರು ಹೇಳಿದ್ದೇ ಸರಿ.

ಬದಿಯಡ್ಕದವಳು:
ಭಾನುವಾರ ಪೆರ್ಲಕ್ಕೆ ಹೋಗಿ ಚಿಕ್ಕಮ್ಮನನ್ನು ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಮತ್ತೆ, "ಡಿಸೆಂಬರಿನಲ್ಲಿ ಬೇಡ ಮಗಾ. ಆ ಮಹಾಭಾರತ ಬರೆದವರ ದಿನ ಉಂಟಲ್ಲ, ಅವತ್ತು ಹೇಳು. ಅಜ್ಜಿಗೆ ಅರ್ಥ ಹೇಳಿದ್ದು ಇವರೇ ಅಂತ ಹೇಳು" ಅಂದರು. ಹಾಗೇ ಮಾಡುತ್ತೇನೆ. ಲೈಬ್ರರಿಯವರೂ ಒಪ್ಪಿದ್ದಾರೆ.

ಊಟಕ್ಕೆ ಕೂತಾಗ ಚಿಕ್ಕಮ್ಮ ತಮಗೆ ಒಂದು ಹಳೆಯ ಸ್ಟೀಲ್ ಬಟ್ಟಲು ಇಟ್ಟುಕೊಂಡರು. ತೋಟದ ಆಚೆಯಿಂದ ಅದೇ ರಾತ್ರಿ ಹೆಕ್ಕಿ ತಂದದ್ದಂತೆ. ಅಂಚಿನಲ್ಲಿ ಚಿಕ್ಕಪ್ಪನ ಹೆಸರು ಕೊರೆಸಿದ್ದು ಇನ್ನೂ ಓದಲಿಕ್ಕೆ ಆಗುತ್ತದೆ.