ಹೋಮ್ ಲೋನ್ ಬೇಗ ತೀರಿಸಲಾ, ಪಿಪಿಎಫ್-ಎನ್‌ಪಿಎಸ್‌ಗೆ ಹಾಕಲಾ?

ಮೈಸೂರಿನವ: ವಯಸ್ಸು 38, ಸಂಬಳ ವರ್ಷಕ್ಕೆ 15 ಲಕ್ಷ. ಈಚೆಗೆ ಮನೆ ಕಟ್ಟಿಸಿದೆ. ಹೋಮ್ ಲೋನ್ 30 ಲಕ್ಷ, ಬಡ್ಡಿ ಶೇ 8.5, 20 ವರ್ಷ, ಕಂತು 26 ಸಾವಿರ ಚಿಲ್ಲರೆ. ಗೃಹಪ್ರವೇಶದ ಹೊತ್ತಿಗೆ ದುಡ್ಡು ಸಾಲದೆ ಶೇ 14ಕ್ಕೆ 2 ಲಕ್ಷ ಪರ್ಸನಲ್ ಲೋನ್ ಬೇರೆ. ಮೊನ್ನೆ ಸ್ಟೇಟ್‌ಮೆಂಟ್ ನೋಡಿದೆ, ಮೊದಲ ಕಂತಿನಲ್ಲಿ 21,250 ಬಡ್ಡಿಗೇ ಹೋಗಿದೆ, ಅಸಲಿಗೆ ಐದು ಸಾವಿರವೂ ಇಲ್ಲ! ಹೊಟ್ಟೆ ಉರಿದುಹೋಯಿತು. ಈಗ ಎಲ್ಲ ಕಳೆದು ತಿಂಗಳಿಗೆ 15 ಸಾವಿರ ಉಳಿಯುತ್ತೆ. ಅಮ್ಮ "ಸಾಲ ಇಟ್ಕೊಂಡು ನಿದ್ದೆ ಹೇಗೋ ಬರುತ್ತೆ ನಿಂಗೆ" ಅನ್ನುತ್ತಾರೆ. ಪಕ್ಕದ ಸೀಟಿನವರು ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ), ಎನ್‌ಪಿಎಸ್‌ಗೆ (ಪಿಂಚಣಿ ಉಳಿತಾಯ) ಹಾಕು, ಟ್ಯಾಕ್ಸೂ ಉಳಿಯುತ್ತೆ ಅನ್ನುತ್ತಾರೆ. ಏನು ಮಾಡಲಿ?

ಲೆಕ್ಕದ ಪುಸ್ತಕ: ಮೊದಲು ಫಾರ್ಮ್ 16 (ಕಂಪನಿ ಕೊಡುವ ಟ್ಯಾಕ್ಸ್ ಪತ್ರ) ತೆಗೆದು ನೋಡಿ, ನಿಮ್ಮ ಟ್ಯಾಕ್ಸ್ ಲೆಕ್ಕ ಓಲ್ಡ್ ರೆಜೀಮಾ ನ್ಯೂ ರೆಜೀಮಾ, ಅಂದರೆ ಹಳೇ ಪದ್ಧತಿಯದಾ ಹೊಸದಾ? 2023-24ರಿಂದ ನಾವಾಗಿ ಕೇಳದಿದ್ದರೆ ನ್ಯೂಗೇ ಹಾಕುತ್ತಾರೆ. ಅದರಲ್ಲಿ 80ಸಿ (ಪಿಪಿಎಫ್, ಎಲ್‌ಐಸಿಯಂಥದ್ದಕ್ಕೆ ಹಾಕಿದ ದುಡ್ಡಿಗೆ ಸಿಗುವ ವಿನಾಯಿತಿ) ಇಲ್ಲ, ನಾವೇ ಇರುವ ಮನೆಯ ಬಡ್ಡಿಗೆ ಸಿಗುತ್ತಿದ್ದ 2 ಲಕ್ಷದ ವಿನಾಯಿತಿಯೂ ಇಲ್ಲ. ಪಿಪಿಎಫ್‌ಗೆ ಹಾಕಿದರೆ ಬರುವ ಬಡ್ಡಿಗೆ ಟ್ಯಾಕ್ಸ್ ಇಲ್ಲ, ಅಷ್ಟೇ. ಅಲ್ಲಿ ಶೇ 7.1 ತಗೊಂಡು ಇಲ್ಲಿ 8.5 ಕಟ್ಟೋದು ಯಾವ ಲೆಕ್ಕ? ಮೊದಲು ಆ ಶೇ 14ರದ್ದನ್ನು ತೀರಿಸಿ (ಅವಧಿಗೆ ಮೊದಲೇ ತೀರಿಸಿದರೆ ಹಾಕುವ ಫೋರ್‌ಕ್ಲೋಶರ್ ಚಾರ್ಜ್ ಎಷ್ಟು ಅಂತ ಅಗ್ರಿಮೆಂಟ್ ನೋಡಿಕೊಂಡು). ಆಮೇಲೆ ಹೋಮ್ ಲೋನಿಗೆ ತಿಂಗಳಿಗೆ 15 ಸಾವಿರ ಜಾಸ್ತಿ ಕಟ್ಟಿದರೆ 20 ವರ್ಷದ ಸಾಲ ಒಂಬತ್ತು ವರ್ಷದೊಳಗೆ ಮುಗಿಯುತ್ತೆ. ಫ್ಲೋಟಿಂಗ್ ರೇಟ್ (ಏರಿಳಿಯುವ ಬಡ್ಡಿ) ಆದರೆ ಬೇಗ ಕಟ್ಟಿದ್ದಕ್ಕೆ ದಂಡ ಹಾಕುವ ಹಾಗಿಲ್ಲ. ಒಂದೇ ಮಾತು, ಕಂತು ಇಳಿಸಬೇಡಿ, ಅವಧಿ ಇಳಿಸಿ ಅಂತ ಬರೆದುಕೊಡಿ.

ಸುಟ್ಟ ಬೆರಳು: ಲೆಕ್ಕ ಸರಿ, ಆದರೆ ನಾನು ಹಾಗೇ ಮಾಡಿ ಸಿಕ್ಕಿಹಾಕಿಕೊಂಡೆ. ಮೂರು ವರ್ಷ ಬೋನಸ್, ಅರಿಯರ್ಸ್ ಎಲ್ಲಾ ಸಾಲಕ್ಕೇ ಸುರಿದೆ. ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕಾಗಿ ಬಂದಾಗ ಕೈಯಲ್ಲಿ ಬಿಡಿಗಾಸಿಲ್ಲ. ಕಟ್ಟಿದ ಅಸಲು ಕೇಳಿದರೆ ಬ್ಯಾಂಕ್ ವಾಪಸ್ ಕೊಡುತ್ತಾ? ಹೆಂಡತಿಯ ಬಳೆ ಅಡ ಇಟ್ಟೆ. ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಇಟ್ಟು ಆಮೇಲೆ ಬೇರೆ ಮಾತು. ಹೋಮ್ ಲೋನನ್ನು ಓವರ್‌ಡ್ರಾಫ್ಟ್ ತರಹ ಮಾಡಿಕೊಡುವ ಬ್ಯಾಂಕುಗಳೂ ಇವೆ, ಬಡ್ಡಿ ಚೂರು ಜಾಸ್ತಿ, ಆದರೆ ಹಾಕಿದ ದುಡ್ಡು ಬೇಕಾದಾಗ ತೆಗೀಬಹುದು. ಕೇಳಿ ನೋಡಿ.

ಅರವತ್ತರ ಯೋಚನೆ: ಎನ್‌ಪಿಎಸ್ ಪೂರ್ತಿ ಬಿಡಬೇಡಿ. ನೀವೇ ಹಾಕುವ 50 ಸಾವಿರದ ವಿನಾಯಿತಿ ಓಲ್ಡ್ ರೆಜೀಮಿಗೆ ಮಾತ್ರ. ಆದರೆ ಕಂಪನಿ ನಿಮ್ಮ ಬೇಸಿಕ್‌ನ ಶೇ 14ರವರೆಗೆ ಹಾಕಿದರೆ ನ್ಯೂನಲ್ಲೂ ಅದಕ್ಕೆ ಟ್ಯಾಕ್ಸ್ ಇಲ್ಲ. ಬೇಸಿಕ್ 50 ಸಾವಿರ ಅಂದುಕೊಳ್ಳಿ, ತಿಂಗಳಿಗೆ 7 ಸಾವಿರ, ವರ್ಷಕ್ಕೆ 84 ಸಾವಿರ. ಶೇ 15ರ ಸ್ಲ್ಯಾಬಿನಲ್ಲಿ 13 ಸಾವಿರ ಟ್ಯಾಕ್ಸ್ ಉಳಿಯಿತು. ನಿಮ್ಮ ಸಿಟಿಸಿಯಿಂದಲೇ (ಕಂಪನಿ ನಿಮಗೆ ಮಾಡುವ ಒಟ್ಟು ಖರ್ಚು) ಕಳೆಯುತ್ತಾರೆ, ಧರ್ಮಕ್ಕೇನಲ್ಲ. 60ರವರೆಗೆ ಸುಲಭಕ್ಕೆ ಕೈಗೂ ಬರಲ್ಲ. ನನ್ನಂಥ ದುಂದುಗಾರನಿಗೆ ಅದೇ ಒಳ್ಳೆಯದಾಯಿತು.

ಮೈಸೂರಿನವ: ನೋಡಿದೆ, ನ್ಯೂ ರೆಜೀಮೇ. ಎರಡು ವರ್ಷದಿಂದ ಸುಮ್ನೆ ಎಲ್‌ಐಸಿ ರಸೀದಿ ಜೋಡಿಸಿ ಕೊಡುತ್ತಿದ್ದೆ! ಎನ್‌ಪಿಎಸ್ ಬಗ್ಗೆ ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಎಫ್‌ಡಿಯಲ್ಲಿ ಒಂದು ಲಕ್ಷ ಇದೆ, ಅದನ್ನು ಮುಟ್ಟಲ್ಲ. 15 ಸಾವಿರ ಸದ್ಯಕ್ಕೆ ಪರ್ಸನಲ್ ಲೋನಿಗೆ. ಚಾರ್ಜ್ ಎಷ್ಟು ಅಂತ ಶನಿವಾರ ಬ್ಯಾಂಕಿಗೇ ಹೋಗಿ ಕೇಳುತ್ತೇನೆ, ಈ ವಾರದ್ದು ಎರಡನೇ ಶನಿವಾರ ಅಲ್ಲ ಅಲ್ವಾ?