ಸಿಂಥೆಟಿಕ್ ಟೆಸ್ಟ್‌ಗೆ "ಕೃತಕ ಪರೀಕ್ಷೆ" ಅನ್ನೋದು ಸರೀನಾ?

ಎಲ್ರಿಗೂ ನಮಸ್ಕಾರ. ವೆಬ್‌ಸೈಟ್ ಪರ್ಫಾರ್ಮೆನ್ಸ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೀತಾ ಇದೀನಿ, ಅದರಲ್ಲಿ ಸಿಂಥೆಟಿಕ್ ಟೆಸ್ಟ್, ಸಿಂಥೆಟಿಕ್ ಮಾನಿಟರಿಂಗ್ ಅನ್ನೋ ಪದಗಳು ಮತ್ತೆ ಮತ್ತೆ ಬರುತ್ವೆ. ಸಾಮಾನ್ಯವಾಗಿ ಕೃತಕ ಅಥವಾ ಸಂಶ್ಲೇಷಿತ ಅಂತಾರೆ. ಸಂಶ್ಲೇಷಿತ ಅಂದ್ರೆ ಕೆಮಿಸ್ಟ್ರಿ ಪಾಠ ಆಗೋಗುತ್ತೆ, ಅದನ್ನ ಬಿಟ್ಟೆ. ನನ್ನ ತಕರಾರು ಇರೋದು ಕೃತಕದ ಮೇಲೆ.

ಈ ಟೆಸ್ಟ್ ಮಾಡೋದೇನು ಅಂದ್ರೆ, ಒಂದು ಸ್ಕ್ರಿಪ್ಟ್ ಬರೆದಿಟ್ಟಿರ್ತಾರೆ: ಮುಖಪುಟ ತೆರಿ, ಲಾಗಿನ್ ಆಗು, ಒಂದು ವಸ್ತು ಹುಡುಕು, ಕಾರ್ಟ್‌ಗೆ ಹಾಕು, ಪೇಮೆಂಟ್ ಪುಟದ ತನಕ ಹೋಗಿ ನಿಲ್ಲು. ಅದನ್ನ 5 ನಿಮಿಷಕ್ಕೋ 15 ನಿಮಿಷಕ್ಕೋ ಒಂದ್ಸಲ ಬೇರೆ ಬೇರೆ ಊರಿನ ಮಷೀನ್‌ಗಳಲ್ಲಿ ನಿಜವಾದ ಕ್ರೋಮಿಯಂ ಬ್ರೌಸರಲ್ಲೇ ಓಡಿಸಿ, ಡಿಎನ್‌ಎಸ್‌ಗೆ (ಸೈಟ್ ಹೆಸರಿಂದ ಸರ್ವರ್ ವಿಳಾಸ ಹುಡುಕೋಕೆ) ಎಷ್ಟು ಹೊತ್ತಾಯ್ತು, ಟಿಎಲ್‌ಎಸ್‌ಗೆ (ಸುರಕ್ಷಿತ ಸಂಪರ್ಕ ಕೂಡಿಸೋಕೆ) ಎಷ್ಟು, ಮೊದಲ ಬೈಟ್ ಬರೋಕೆ ಎಷ್ಟು, ಪುಟದ ದೊಡ್ಡ ಚಿತ್ರ ಕಾಣೋಕೆ ಎಷ್ಟು ಅಂತ ಬಿಡಿಬಿಡಿಯಾಗಿ ಅಳೀತಾರೆ. ರಾತ್ರಿ 3 ಗಂಟೆಗೆ ಸೈಟಲ್ಲಿ ಒಬ್ಬರೂ ಇಲ್ದಿದ್ದಾಗ ಲಾಗಿನ್ ಕೆಟ್ರೂ ಗೊತ್ತಾಗೋದು ಇದರಿಂದ್ಲೇ.

ಈಗ ನೋಡಿ, ಇಲ್ಲಿ ಸರ್ವರ್ ನಿಜ, ನೆಟ್‌ವರ್ಕ್ ನಿಜ, ಬ್ರೌಸರ್ ನಿಜ, ಅಳೆದ ಸೆಕೆಂಡುಗಳೂ ನಿಜ, ಇಲ್ಲದೇ ಇರೋದು ಬಳಕೆದಾರ ಒಬ್ಬನೇ. "ಕೃತಕ ಪರೀಕ್ಷೆ" ಅಂದ್ರೆ ಪರೀಕ್ಷೆಯೇ ನಾಟಕ, ಫಲಿತಾಂಶ ನಂಬೋ ಹಾಗಿಲ್ಲ ಅನ್ನೋ ಥರ ಕೇಳುತ್ತೆ. ಸಾಲದ್ದಕ್ಕೆ ಈಗ ಕೃತಕ ಅಂದ ಕೂಡ್ಲೇ ಓದೋರ ತಲೆ ಸೀದಾ ಕೃತಕ ಬುದ್ಧಿಮತ್ತೆ ಕಡೆ ಓಡುತ್ತೆ.

ನಂಗೆ ಮನಸ್ಸಿಗೆ ಒಪ್ಪಿರೋದು "ಅಣಕು". ಪತ್ರಿಕೆಗಳಲ್ಲಿ ಅಣಕು ಮತದಾನ ಅಂತ ಬರೀತಾರಲ್ಲ, ಮತಯಂತ್ರ ನಿಜವಾದದ್ದೇ, ಒತ್ತೋ ಗುಂಡಿನೂ ನಿಜವಾದದ್ದೇ, ಆ ಮತ ಮಾತ್ರ ಲೆಕ್ಕಕ್ಕಿಲ್ಲ. ಇಲ್ಲೂ ಸ್ಕ್ರಿಪ್ಟ್ ಮಾಡೋ ಭೇಟಿಗಳನ್ನ ಅನಲಿಟಿಕ್ಸ್ (ಸೈಟಿಗೆ ಎಷ್ಟು ಜನ ಬಂದ್ರು ಅನ್ನೋ) ಲೆಕ್ಕದಿಂದ ತೆಗೀಲೇಬೇಕು. ಆದ್ರೆ ಬರೀ "ಅಣಕು ಪರೀಕ್ಷೆ" ಅಂದ್ರೆ ವಿದ್ಯಾರ್ಥಿಗಳು ಬರೆಯೋ ಮಾಕ್ ಟೆಸ್ಟ್ ಆಗುತ್ತೆ, ಇನ್ನು ಪ್ರೋಗ್ರಾಮರ್‌ಗಳ ಬಾಯಲ್ಲಿ ಮಾಕ್ ಅಂದ್ರೆ ಸರ್ವರ್ ಜಾಗದಲ್ಲಿ ಸುಳ್ಳು ಸರ್ವರ್ ಕೂರಿಸೋದು, ಅಂದ್ರೆ ಪೂರ್ತಿ ಉಲ್ಟಾ. ಹಾಗಾಗಿ ವಿಶೇಷಣ ಬಳಕೆದಾರನಿಗೇ ಅಂಟಬೇಕು: "ಅಣಕು ಬಳಕೆದಾರ ಪರೀಕ್ಷೆ".

ಇದಕ್ಕೆ ಎದುರಿನ ಪದ ರಿಯಲ್ ಯೂಸರ್ ಮಾನಿಟರಿಂಗ್, ಅಂದ್ರೆ ನಿಜವಾದ ಬಳಕೆದಾರರ ಭೇಟಿಗಳಲ್ಲೇ ಸೈಟಿನ ವೇಗ ಅಳೆಯೋದು. ಅದಕ್ಕೆ "ನೈಜ ಬಳಕೆದಾರ ನಿಗಾ" ಅಂತ ಹಾಕಿದೀನಿ (ಮೇಲ್ವಿಚಾರಣೆ ಅಂದ್ರೆ ಆಳುಗಳ ಮೇಲೆ ನಿಂತ ಹಾಗಾಗುತ್ತೆ, ಕಣ್ಗಾವಲು ಅಂದ್ರೆ ಪೊಲೀಸರದ್ದು). ಈ ಎರಡು ಪದ ಎಲ್ಲೂ ಕಲಸಿಹೋಗಬಾರದು, ಯಾಕಂದ್ರೆ ಎರಡರ ಅಂಕಿಗಳೇ ಬೇರೆ. ಗೂಗಲ್ ಹೇಳೋ ಪ್ರಕಾರ ಶೇ. 75 ಭೇಟಿಗಳಲ್ಲಾದ್ರೂ ದೊಡ್ಡ ಚಿತ್ರ ಅಥವಾ ಪಠ್ಯ 2.5 ಸೆಕೆಂಡ್ ಒಳಗೆ ಕಾಣಬೇಕು, ಡೇಟಾ ಸೆಂಟರಿನ ವೇಗದ ಲೈನಲ್ಲಿ ಸ್ಕ್ರಿಪ್ಟ್ ಆರಾಮಾಗಿ ಪಾಸಾದ್ರೂ ಹಳೇ ಫೋನ್ ಹಿಡಿದವರಿಗೆ ಅದು ಬರದೇ ಇರಬಹುದು. 2024ರ ಮಾರ್ಚಿಂದ ಎಫ್‌ಐಡಿ (ಮೊದಲ ಸಲ ಒತ್ತಿದಾಗ ಪುಟ ಸ್ಪಂದಿಸೋಕೆ ಶುರು ಮಾಡೋ ತನಕದ ತಡ) ಅನ್ನೋ ಗೂಗಲ್ ಅಳತೆಯ ಜಾಗಕ್ಕೆ ಬಂದಿರೋ ಐಎನ್‌ಪಿ (ಭೇಟಿ ಪೂರ್ತಿ ಒತ್ತಿದ್ದಕ್ಕೆಲ್ಲ ಪುಟ ಎಷ್ಟು ಬೇಗ ಸ್ಪಂದಿಸುತ್ತೆ ಅನ್ನೋ ಅಳತೆ) ಅಂತೂ ಪುಟ ಲೋಡ್ ಮಾಡಿ ಸುಮ್ನಾಗೋ ಟೆಸ್ಟಲ್ಲಿ ಸಿಗೋದೇ ಇಲ್ಲ, ಯಾರಾದ್ರೂ ಒತ್ತಿದ್ರೆ ತಾನೇ ಸ್ಪಂದಿಸೋಕೆ ಎಷ್ಟು ಹೊತ್ತು ಅಂತ ಅಳೆಯೋದು.

ಈಗ ಸಿಕ್ಕಾಕೊಂಡಿರೋದು ಒಂದೇ ಕಡೆ. "ಅಣಕು ಬಳಕೆದಾರ ನಿಗಾ" ಅಂದ್ರೆ ಅಣಕು ಬಳಕೆದಾರನ ಮೇಲೇ ನಿಗಾ ಇಟ್ಟ ಹಾಗೆ ಓದ್ಕೋಬಹುದು, ಆದ್ರೆ ನಿಗಾ ಇರೋದು ಸೈಟ್ ಮೇಲೆ, ಅವನ ಮೂಲಕ. "ಅಣಕು ಬಳಕೆಯ ನಿಗಾ" ಅಂದ್ರೆ ಈ ಗೊಂದಲ ಹೋಗುತ್ತಾ, ಅಥವಾ ಸಮಾಸ ಬಿಡಿಸಿ ಬರೆಯೋದೇ ವಾಸಿನಾ?